ಋಣಕ್ಕೆ ಮೂಲವಿಲ್ಲ: ವರ್ಗಮೂಲದ ಎಲ್ಲೆಯನ್ನು ಕುರಿತು ದಖ್ಖನಿನ ಗಣಿತಜ್ಞರ ಚಿಂತನೆ

1

ಬೀಜಗಣಿತದ ಆರಂಭದ ಪಾಠಗಳಲ್ಲಿ ವಿದ್ಯಾರ್ಥಿಯು ಬಾಯಿಪಾಠ ಮಾಡುವ ನಿಯಮಗಳಲ್ಲಿ ಇದೂ ಒಂದು: ವರ್ಗಮೂಲ ಚಿಹ್ನೆಯ ಒಳಗಿರುವ ರಾಶಿ ಋಣವಾಗಕೂಡದು. √(ಕ − 12) ಎಂಬ ಫಲನವನ್ನು ಕೊಟ್ಟರೆ, ಕ ಎಂಬುದು 12 ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗಳನ್ನು ಮಾತ್ರ ತಳೆಯಬಹುದೆಂದು ಅವನು ಬರೆಯುತ್ತಾನೆ. ಹೀಗೆ ಫಲನವೊಂದಕ್ಕೆ ಊಡಲು ಅರ್ಹವಾದ ಬೆಲೆಗಳ ಗಣವನ್ನು ಅದರ ಪ್ರಾಂತವೆಂದು ಕರೆಯುವುದು ವಾಡಿಕೆ. ಫಲನವೆಂಬ ಪರಿಕಲ್ಪನೆ 18ನೆಯ ಶತಮಾನದಲ್ಲಿ ಆಯ್ಲರನ ಬರವಣಿಗೆಯಲ್ಲಿ ನೆಲೆಗೊಂಡಿತು. 1837ರಲ್ಲಿ ಡಿರಿಚ್ಲೆ ಅದಕ್ಕೆ ಇನ್ನಷ್ಟು ವಿಶಾಲವಾದ ನಿರೂಪಣೆ ಕೊಟ್ಟನು. ಪ್ರಾಂತವೆಂಬ ಮಾತು ಹೀಗೆ ಈಚಿನದು. ಆದರೆ ವರ್ಗಮೂಲಕ್ಕೆ ಎಲ್ಲೆಯೊಂದಿದೆ, ಆ ಎಲ್ಲೆ ಇಂಥದು, ಅದಕ್ಕೆ ಕಾರಣವಿದು ಎಂಬ ಅರಿವು ಈಚಿನದಲ್ಲ. ಅದನ್ನು ಸ್ಪಷ್ಟವಾದ ಮಾತುಗಳಲ್ಲಿ ಹೇಳಿದ ಗ್ರಂಥ 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಹುಟ್ಟಿತು. ಅದು ಮಹಾವೀರಾಚಾರ್ಯನ ಸಂಸ್ಕೃತ ಕೃತಿ ಗಣಿತಸಾರಸಂಗ್ರಹ.

ಈ ನಿಯಮದ ಬಗ್ಗೆ ಎರಡು ಬಗೆಯ ಅತಿರೇಕಗಳು ಪ್ರಚಲಿತವಾಗಿವೆ. ಮಹಾವೀರನು ಕಾಲ್ಪನಿಕ ಸಂಖ್ಯೆಗಳನ್ನು ಯುರೋಪಿಗಿಂತ ಏಳು ಶತಮಾನ ಮುಂಚೆಯೇ ಕಂಡಿದ್ದನೆಂಬ ಹೆಮ್ಮೆ ಒಂದು. ಅವನು ಬಾಗಿಲನ್ನು ಮುಚ್ಚಿದನೇ ಹೊರತು ಏನನ್ನೂ ಕಾಣಲಿಲ್ಲವೆಂಬ ಉಪೇಕ್ಷೆ ಇನ್ನೊಂದು. ಇವೆರಡನ್ನೂ ಬದಿಗಿಟ್ಟು, ಅವನು ಹೇಳಿದ್ದೇನು, ಆ ಮಾತು ಅವನದೇ ಲೆಕ್ಕಗಳಲ್ಲಿ ಏನು ಕೆಲಸ ಮಾಡುತ್ತದೆ, ಮುಂದಿನವರು ಅದನ್ನು ಹೇಗೆ ಬೆಳೆಸಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ವಿಷಯದ ನೆಲೆಯನ್ನು ಮೊದಲು ಗುರುತಿಸಿಕೊಳ್ಳಬೇಕು. ದೆಹಲಿಯ ಕಡೆಯಿಂದ ಕರ್ನಾಟಕಕ್ಕೆ ಬರುವ ಹಳೆಯ ರೈಲುಹಾದಿಗಳಲ್ಲೊಂದು ಭೂಸಾವಳ, ಚಾಳೀಸಗಾಂವ, ಮನಮಾಡಗಳನ್ನು ದಾಟಿ ಪುಣೆ ಜಿಲ್ಲೆಯ ದೌಂಡಕ್ಕೆ ಇಳಿಯುತ್ತದೆ. ಮನಮಾಡ-ದೌಂಡ ಮಾರ್ಗ ತೆರೆದದ್ದು 1878ರಲ್ಲಿ. ದೌಂಡದಿಂದ ಮುಂದೆ ಹಾದಿ ಸೊಲ್ಲಾಪುರ, ಕಲಬುರಗಿಗಳತ್ತ ಹೊರಳುತ್ತದೆ. ಈ ಒಂದೇ ಹಾದಿಯ ಆಸುಪಾಸಿನಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಮುಖ್ಯ ಸ್ಥಳಗಳಿವೆ. ದೌಂಡದ ಉತ್ತರಕ್ಕೆ, ಚಾಳೀಸಗಾಂವದ ಬಳಿಯ ಪಾಟಣದಲ್ಲಿ, ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದ ಸಂಗತಿಯನ್ನು ತಿಳಿಸುವ ಶಾಸನವಿದೆ. ಅದು 13ನೆಯ ಶತಮಾನದ ಆರಂಭದ್ದು, ಸೇವುಣ ಸಿಂಘಣನ ಕಾಲದ್ದು. ಬಹುಭಾಗ ಸಂಸ್ಕೃತದಲ್ಲಿದ್ದು ಕೊನೆಯ ಭಾಗ ಮರಾಠಿಯಲ್ಲಿದೆ. ದೌಂಡದಿಂದ ಮೂಡಣಕ್ಕೆ, ಕಲಬುರಗಿ ಜಿಲ್ಲೆಯಲ್ಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೆ.

ದೌಂಡ ಭೀಮಾ ನದಿಯ ದಡದ ಊರು. ಮಳಖೇಡ ಇರುವುದು ಕಾಗಿಣಾ ನದಿಯ ದಡದಲ್ಲಿ. ಕಾಗಿಣಾ ಭೀಮೆಯ ಉಪನದಿ. ಭೀಮೆಯ ಮೇಲ್ಕಣಿವೆ ರಾಷ್ಟ್ರಕೂಟರ ಆಡಳಿತಕ್ಕೆ ಒಳಪಟ್ಟಿದ್ದುದಕ್ಕೆ ಪುಣೆ ಜಿಲ್ಲೆಯ ತಳೇಗಾಂವದ ತಾಮ್ರಪಟ ಸಾಕ್ಷಿ. ಶಕ 690ರ, ಅಂದರೆ ಕ್ರಿ.ಶ. 768ರ, ಒಂದನೆಯ ಕೃಷ್ಣನ ಆ ದಾನಪತ್ರ ಪೂನಕ ವಿಷಯದ ಹಳ್ಳಿಗಳನ್ನು ಹೆಸರಿಸಿ ಅವುಗಳ ಎಲ್ಲೆಗಳನ್ನು ನಿರ್ದೇಶಿಸುತ್ತದೆ. ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ವಿಸ್ತರಿಸಿರುವುದು ಸರ್ವವಿದಿತ. ದೌಂಡ ಆ ಎಲ್ಲೆಯ ಒಳಗೇ ಬರುತ್ತದೆ. ಇಷ್ಟರಿಂದ ಪಾಟಣವನ್ನು ಕನ್ನಡಕ್ಕೋ ಮಾನ್ಯಖೇಟವನ್ನು ಮರಾಠಿಗೋ ಸೇರಿಸಬೇಕಾಗಿಲ್ಲ. ಗಣಿತದ ಓದು ಬರಹಗಳು ಇಂದಿನ ರಾಜ್ಯಗಳ ಗಡಿಯನ್ನು ಅರಿಯದೆ ಈ ಪ್ರದೇಶದಲ್ಲಿ ಸಂಚರಿಸಿದವು ಎಂಬುದಷ್ಟೇ ಇಲ್ಲಿ ಮುಖ್ಯ. ಮಹಾವೀರನು ತನ್ನ ಊರನ್ನಾಗಲಿ ಗುರುಪರಂಪರೆಯನ್ನಾಗಲಿ ಹೇಳಿಕೊಂಡಿಲ್ಲ. ಗ್ರಂಥಾರಂಭದ ಜಿನಸ್ತುತಿ ಮತ್ತು ನೃಪತುಂಗಸ್ತುತಿಗಳೇ ಅವನ ಕಾಲದೇಶಗಳ ನಿರ್ಣಯಕ್ಕೆ ಆಧಾರ.

3

ಗಣಿತಸಾರಸಂಗ್ರಹದ ಮೊದಲ ಅಧಿಕಾರ ಸಂಜ್ಞೆಗಳಿಗೆ ಮೀಸಲಾದುದು. ಅಳತೆ ತೂಕಗಳ ಹೆಸರು, ಪರಿಕರ್ಮಗಳ ಹೆಸರು, ಸಂಖ್ಯೆಗಳ ಹೆಸರು, ಇವುಗಳ ನಡುವೆ ಸೊನ್ನೆ ಮತ್ತು ಧನಋಣಗಳನ್ನು ಕುರಿತ ಕೆಲವೇ ಶ್ಲೋಕಗಳು ಬರುತ್ತವೆ. ವರ್ಗಮೂಲದ ನಿಯಮ ಇಲ್ಲಿಯೇ ಇದೆ. ಅದರ ತಾತ್ಪರ್ಯವನ್ನು ಮೂರು ಮಾತುಗಳಲ್ಲಿ ಹೇಳಬಹುದು. ಧನದ ವರ್ಗವೂ ಋಣದ ವರ್ಗವೂ ಧನವೇ. ಆ ವರ್ಗಗಳ ಮೂಲಗಳು ಕ್ರಮವಾಗಿ ಧನ ಮತ್ತು ಋಣ. ಋಣವಾದರೋ ತನ್ನ ಸ್ವರೂಪದಿಂದಲೇ ವರ್ಗವಲ್ಲ. ಆದಕಾರಣ ಅದಕ್ಕೆ ಮೂಲವಿಲ್ಲ.

ಇಲ್ಲಿ ಎರಡು ಪದಗಳು ಗಮನಾರ್ಹ. ಒಂದು 'ಸ್ವರೂಪತಃ', ಇನ್ನೊಂದು 'ಅವರ್ಗ'. ಮಹಾವೀರನು ಋಣಸಂಖ್ಯೆಯ ಮೂಲವನ್ನು ತೆಗೆಯುವುದು ಕಷ್ಟವೆಂದು ಹೇಳುವುದಿಲ್ಲ. ತೆಗೆಯಬಾರದೆಂದು ನಿಷೇಧಿಸುವುದೂ ಇಲ್ಲ. ಮೂಲವೆಂದರೆ ವರ್ಗವು ಎಲ್ಲಿಂದ ಹುಟ್ಟಿತೋ ಅದು. ಆದ್ದರಿಂದ ಮೂಲವನ್ನು ಹುಡುಕುವ ಮುನ್ನ ಎದುರಿಗಿರುವ ರಾಶಿ ಯಾವುದಾದರೊಂದರ ವರ್ಗವಾಗಬಲ್ಲುದೇ ಎಂದು ಕೇಳಬೇಕು. ಉತ್ತರ ಇಲ್ಲವೆಂದಾದರೆ ಹುಡುಕುವ ಪ್ರಶ್ನೆಯೇ ಬಿದ್ದುಹೋಗುತ್ತದೆ. ಹೀಗೆ ಎಲ್ಲೆಯು ಕ್ರಿಯೆಯ ದೌರ್ಬಲ್ಯದಿಂದ ಬಂದುದಲ್ಲ, ವಸ್ತುವಿನ ಸ್ವರೂಪದಿಂದ ಬಂದುದು. ಇಂದಿನ ಪಠ್ಯಗಳಲ್ಲಿ ಬರಿಯ ಆಜ್ಞೆಯಂತೆ ಕಾಣುವ ನಿಯಮಕ್ಕೆ ಇಲ್ಲಿ ಕಾರಣವೂ ಕೂಡಿಕೊಂಡಿದೆ.

1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಇದೇ ಮಾತನ್ನು ಹೇಳುತ್ತಾನೆ: ಋಣಕ್ಕೆ ಮೂಲವಿಲ್ಲ, ಏಕೆಂದರೆ ಅದು ವರ್ಗವಲ್ಲ. ಸುಮಾರು 1600ರಲ್ಲಿ ಬೀಜಗಣಿತಕ್ಕೆ ವ್ಯಾಖ್ಯಾನ ಬರೆದ ಕೃಷ್ಣದೈವಜ್ಞನು ಅದನ್ನು ವಾದದ ರೂಪಕ್ಕೆ ತಂದನು. ಋಣವು ವರ್ಗವೆನ್ನುವವನು ಅದು ಯಾವುದರ ವರ್ಗವೆಂದು ತೋರಿಸಬೇಕು. ಧನದ ವರ್ಗವೆನ್ನುವಂತಿಲ್ಲ, ಋಣದ ವರ್ಗವೆನ್ನುವಂತೆಯೂ ಇಲ್ಲ. ಎರಡೂ ಧನವೇ ಆಗುತ್ತವೆ. ಇವೆರಡರ ಹೊರಗೆ ಬೇರೆ ಬಗೆಯ ಸಂಖ್ಯೆ ಕಾಣುವುದಿಲ್ಲ. ವಾದದ ಬಲವೆಲ್ಲ ಈ ಕೊನೆಯ ಹೆಜ್ಜೆಯಲ್ಲಿದೆ. ಮುಂದೆ ಅದಕ್ಕೆ ಮರಳಬೇಕಾಗುತ್ತದೆ.

4

ಸಂಜ್ಞಾಧಿಕಾರದಲ್ಲಿ ಹೇಳಿದ ಈ ಎಲ್ಲೆ ಮಹಾವೀರನ ಲೆಕ್ಕಗಳಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆ? ಪ್ರಕೀರ್ಣಕ ವ್ಯವಹಾರದಲ್ಲಿ ಅವನು 'ಮೂಲಮಿಶ್ರ' ಎಂಬ ಜಾತಿಯ ಪ್ರಶ್ನೆಗಳನ್ನು ಕೊಡುತ್ತಾನೆ. ಅವುಗಳಲ್ಲೊಂದು ಪಾರಿವಾಳಗಳನ್ನು ಕುರಿತದ್ದು. ಒಂದು ಹಿಂಡಿನ ಸಂಖ್ಯೆಯ ವರ್ಗಮೂಲ, ಅದರಲ್ಲಿ 12 ಕಳೆದುಳಿದ ಸಂಖ್ಯೆಯ ವರ್ಗಮೂಲ, ಇವೆರಡರ ಮೊತ್ತ 6, ಹಿಂಡು ಎಷ್ಟರದು? ಅವನು ಕೊಡುವ ಸೂತ್ರ ಸರಳವಾದುದು. ಮೊತ್ತದ ವರ್ಗಕ್ಕೆ ಕಳೆದ ಸಂಖ್ಯೆಯನ್ನು ಕೂಡಿಸಿ, ಮೊತ್ತದ ಇಮ್ಮಡಿಯಿಂದ ಭಾಗಿಸಿ, ಬಂದುದನ್ನು ವರ್ಗಿಸಬೇಕು. 36ಕ್ಕೆ 12 ಕೂಡಿಸಿದರೆ 48, 12ರಿಂದ ಭಾಗಿಸಿದರೆ 4, ವರ್ಗಿಸಿದರೆ 16. ತಾಳೆ ನೋಡಿದರೆ 16ರ ಮೂಲ 4, ಉಳಿದ 4ರ ಮೂಲ 2, ಮೊತ್ತ 6.

ಈ ಪ್ರಶ್ನೆಯಲ್ಲಿ ಪ್ರಾಂತವನ್ನು ಗುರುತಿಸುವ ಬಗೆ ಹೀಗೆ. ಮೊದಲ ಮೂಲಕ್ಕೆ ಹಿಂಡಿನ ಸಂಖ್ಯೆ ಋಣವಲ್ಲದಿದ್ದರೆ ಸಾಕು. ಎರಡನೆಯ ಮೂಲಕ್ಕೆ ಅದು ಕನಿಷ್ಠ 12 ಆಗಿರಬೇಕು. ಎರಡೂ ಮೂಲಗಳು ಒಟ್ಟಿಗೆ ಅರ್ಥಪೂರ್ಣವಾಗಬೇಕಾದುದರಿಂದ ಎರಡೂ ನಿಬಂಧನೆಗಳು ಒಟ್ಟಿಗೆ ಸಲ್ಲಬೇಕು. ಹೆಚ್ಚು ಬಿಗಿಯಾದ ಎರಡನೆಯದೇ ಒಟ್ಟು ಪ್ರಶ್ನೆಯ ಎಲ್ಲೆಯಾಗುತ್ತದೆ. ಹಿಂಡು ಸರಿಯಾಗಿ 12ರದಾದರೆ ಮೊತ್ತ 12ರ ಮೂಲದಷ್ಟು, ಅಂದರೆ ಸುಮಾರು 3.46. ಹಿಂಡು ದೊಡ್ಡದಾದಂತೆ ಮೊತ್ತವೂ ಬೆಳೆಯುತ್ತದೆ. ಆದ್ದರಿಂದ 3.46ಕ್ಕಿಂತ ಕಡಿಮೆಯ ಮೊತ್ತ ಯಾವ ಹಿಂಡಿನಿಂದಲೂ ಬರಲಾರದು.

ಈಗ ಮೊತ್ತ 6ರ ಬದಲು 2 ಎಂದು ಪ್ರಶ್ನೆಯನ್ನು ಬದಲಿಸೋಣ. ಇಂಥ ಹಿಂಡು ಇರಲಾರದೆಂದು ಮೇಲೆ ಕಂಡೆವು. ಆದರೆ ಸೂತ್ರ ಅದನ್ನು ಅರಿಯದು. 4ಕ್ಕೆ 12 ಕೂಡಿಸಿದರೆ 16. 4ರಿಂದ ಭಾಗಿಸಿದರೆ 4. ವರ್ಗಿಸಿದರೆ ಮತ್ತೆ 16! ಉತ್ತರ ಪೂರ್ಣಾಂಕ, 12ಕ್ಕಿಂತ ದೊಡ್ಡದು, ಪಾರಿವಾಳಗಳ ಸಂಖ್ಯೆಯಾಗಲು ಎಲ್ಲ ರೀತಿಯಲ್ಲೂ ಯೋಗ್ಯ, ಆದರೆ ತಪ್ಪು. 4 ಮತ್ತು 2ರ ಮೊತ್ತ 6. 2 ಎಂಬುದು ಅವುಗಳ ವ್ಯತ್ಯಾಸ. ಎರಡನೆಯ ಮೂಲವನ್ನು ಋಣವಾಗಿ ತೆಗೆದುಕೊಂಡಂತೆ ಸೂತ್ರ ವರ್ತಿಸಿದೆ. ವರ್ಗಿಸಿದಾಗ ಧನಋಣಗಳ ಭೇದ ಅಳಿಸಿಹೋಗುತ್ತದೆ. ಅಳಿದುದನ್ನು ಸೂತ್ರ ಮರಳಿ ತರಲಾರದು. ಮೊತ್ತದ ವರ್ಗ ಕಳೆದ ಸಂಖ್ಯೆಗಿಂತ ಕಡಿಮೆಯಾಗಬಾರದೆಂಬ ನಿಬಂಧನೆ ಸೂತ್ರದ ಜೊತೆಗೆ ಸೇರಿದಾಗ ಮಾತ್ರ ಅದು ನಿರಪಾಯಕರ. ಪ್ರಾಂತವನ್ನು ಮೊದಲೇ ಗುರುತಿಸುವುದು ಮತ್ತು ಉತ್ತರವನ್ನು ಕೊನೆಯಲ್ಲಿ ತಾಳೆ ನೋಡುವುದು ಎರಡು ಪ್ರತ್ಯೇಕ ಕರ್ತವ್ಯಗಳೆಂಬುದು ಇದರಿಂದ ಸ್ಪಷ್ಟ. ಮೊದಲನೆಯದನ್ನು ಮಾಡಿದವನಿಗೆ ಎರಡನೆಯದರಿಂದ ವಿನಾಯಿತಿ ಇಲ್ಲ.

5

'ಅವರ್ಗ'ಕ್ಕೆ ಜೊತೆಯಾಗಿ ನಿಲ್ಲುವ ಇನ್ನೊಂದು ಪದ ಭಾಸ್ಕರನ ಲೀಲಾವತಿಯಲ್ಲಿದೆ: 'ಅಕ್ಷೇತ್ರ'. ನೇರ ಭುಜಗಳ ಆಕೃತಿಯಲ್ಲಿ ಒಂದು ಭುಜಕ್ಕಿಂತ ಉಳಿದವುಗಳ ಮೊತ್ತ ಕಡಿಮೆಯಾಗಿದ್ದರೆ ಅಥವಾ ಅದಕ್ಕೆ ಸಮವಾಗಿದ್ದರೆ, ಅದು ಕ್ಷೇತ್ರವೇ ಅಲ್ಲವೆಂದು ತಿಳಿಯಬೇಕೆಂದು ಅವನು ಹೇಳುತ್ತಾನೆ. 3, 6, 2, 12 ಭುಜಗಳ ಚತುರ್ಭುಜ ಮತ್ತು 3, 6, 9 ಭುಜಗಳ ತ್ರಿಭುಜ ಅವನು ಕೊಡುವ ಉದಾಹರಣೆಗಳು. ಆ ಅಳತೆಯ ಕಡ್ಡಿಗಳನ್ನು ಇಟ್ಟುನೋಡಿದರೆ ಆಕೃತಿ ಕೂಡಿಕೊಳ್ಳುವುದಿಲ್ಲ.

ಕಡ್ಡಿಗಳು ಹೇಳುವುದನ್ನೇ ವರ್ಗಮೂಲವೂ ಹೇಳುತ್ತದೆಯೇ ಎಂದು ಪರೀಕ್ಷಿಸಬಹುದು. ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ಉಳಿದವುಗಳನ್ನು ಗುಣಿಸಿ, ಗುಣಲಬ್ಧದ ಮೂಲವನ್ನು ತೆಗೆದು ಚತುರ್ಭುಜದ ಕ್ಷೇತ್ರಫಲವನ್ನು ಪಡೆಯುವ ವಿಧಾನ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ (628) ಇದೆ. ಮಹಾವೀರನೂ ಅದನ್ನು ಕೊಡುತ್ತಾನೆ. ವೃತ್ತದೊಳಗೆ ಕೂಡುವ ಚತುರ್ಭುಜಗಳಿಗೆ ಅದು ನಿಷ್ಕೃಷ್ಟವಾಗಿ ಸಲ್ಲುತ್ತದೆ. ಭಾಸ್ಕರನ ಚತುರ್ಭುಜದಲ್ಲಿ ಅರ್ಧಮೊತ್ತ 11.5. ಭುಜಗಳನ್ನು ಕಳೆದರೆ 8.5, 5.5, 9.5 ಮತ್ತು ಋಣ 0.5. ಗುಣಲಬ್ಧ ಋಣ, ಅದು ಅವರ್ಗ. ತ್ರಿಭುಜದಲ್ಲಿ ಅರ್ಧಮೊತ್ತ 9. ಭುಜಗಳನ್ನು ಕಳೆದರೆ 6, 3, 0. ಗುಣಲಬ್ಧ ಸೊನ್ನೆ, ಮೂಲವೂ ಸೊನ್ನೆ. ಕಡ್ಡಿಗಳು ಒಂದರ ಮೇಲೊಂದು ಮಲಗುತ್ತವೆ, ನಡುವೆ ನೆಲ ಉಳಿಯುವುದಿಲ್ಲ. ಮೊದಲನೆಯದು ಎಲ್ಲೆಯ ಹೊರಗಿದೆ. ಎರಡನೆಯದು ಎಲ್ಲೆಯ ಮೇಲೆಯೇ ನಿಂತಿದೆ. ಭಾಸ್ಕರನು ಇವುಗಳನ್ನು ಮೂಲದ ನಿಯಮದಿಂದ ಸಾಧಿಸಿಲ್ಲವಾದರೂ, ಅಂಕಗಣಿತದ ಅವರ್ಗವೂ ರೇಖಾಗಣಿತದ ಅಕ್ಷೇತ್ರವೂ ಒಂದೇ ಗೆರೆಯ ಎರಡು ಹೆಸರುಗಳಾಗಿ ಇಲ್ಲಿ ಸಂಧಿಸುತ್ತವೆ.

ಭಾಸ್ಕರನ ಬೀಜಗಣಿತದಲ್ಲಿ ಮೂರನೆಯ ಬಗೆಯ ಎಲ್ಲೆಯೂ ಕಾಣಸಿಗುತ್ತದೆ. ಕೋತಿಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ 3 ಕಳೆದು ವರ್ಗಿಸಿದಷ್ಟು ಗುಹೆಯೊಳಗೆ ಹೋದವು, ಒಂದು ಕೊಂಬೆಯ ಮೇಲಿದೆ, ಒಟ್ಟು ಎಷ್ಟು? ಸಮೀಕರಣ 50 ಮತ್ತು 5 ಎಂಬ ಎರಡು ಉತ್ತರಗಳನ್ನು ಕೊಡುತ್ತದೆ. ಎರಡೂ ಅಂಕಗಳ ಮಟ್ಟಿಗೆ ತಾಳೆಯಾಗುತ್ತವೆ. ಆದರೆ 5ರ ಐದನೆಯ ಒಂದು ಭಾಗ 1. ಅದರಲ್ಲಿ 3 ಕೋತಿಗಳನ್ನು ಕಳೆಯುವಂತಿಲ್ಲ. ಋಣವಾಗುವ ರಾಶಿಯನ್ನು ಲೋಕ ಒಪ್ಪುವುದಿಲ್ಲವೆಂಬ ಕಾರಣ ಕೊಟ್ಟು ಭಾಸ್ಕರನು 5ನ್ನು ಬಿಡುತ್ತಾನೆ. ಇಲ್ಲಿ ಎಲ್ಲೆಯನ್ನು ಹಾಕಿದುದು ಸಂಖ್ಯೆಯಲ್ಲ, ಎಣಿಸಲ್ಪಡುವ ವಸ್ತು.

6

ಹೀಗೆಂದು ಈ ಪರಂಪರೆ ಎಲ್ಲ ಎಲ್ಲೆಗಳನ್ನೂ ಸರಿಯಾಗಿ ಗುರುತಿಸಿತೆಂದು ಹೇಳಲಾಗದು. ವರ್ಗಮೂಲದ ನಿಯಮಕ್ಕೆ ಕೆಲವೇ ಶ್ಲೋಕಗಳ ಮುಂಚೆ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಮಾರ್ಪಡದೆ ಉಳಿಯುತ್ತದೆಂದು ಮಹಾವೀರನು ಹೇಳುತ್ತಾನೆ. ಇದು ಸಲ್ಲದ ಮಾತು. ಹತ್ತನ್ನು ಸೊನ್ನೆಯಿಂದ ಭಾಗಿಸಿ ಹತ್ತು ಬಂದರೆ, ಹತ್ತನ್ನು ಸೊನ್ನೆಯಿಂದ ಗುಣಿಸಿದಾಗ ಹತ್ತು ಬರಬೇಕಾಗುತ್ತದೆ. ಗುಣಿಸಿದರೆ ಸೊನ್ನೆಯೆಂದು ಅದೇ ಸ್ಥಳದಲ್ಲಿ ಅವನೇ ಹೇಳಿದ್ದಾನೆ. ಮೂಲದ ವಿಷಯದಲ್ಲಿ ಹಿಂದಿರುಗಿ 'ಇದು ಯಾವುದರ ವರ್ಗ' ಎಂದು ಕೇಳಿದ ಅವನು, ಭಾಗಾಹಾರದ ವಿಷಯದಲ್ಲಿ 'ಇದು ಯಾವುದರ ಗುಣಲಬ್ಧ' ಎಂದು ಕೇಳಲಿಲ್ಲ. ಕೇಳಿದ್ದರೆ ಅವನದೇ ವಿಧಾನ ಅವನನ್ನು ಸರಿಯಾದ ಎಲ್ಲೆಗೆ ಒಯ್ಯುತ್ತಿತ್ತು. ಮುಂದೆ ಭಾಸ್ಕರನು ಅಂಥ ರಾಶಿಗೆ 'ಖಹರ' ಎಂಬ ಪ್ರತ್ಯೇಕ ಹೆಸರು ಕೊಟ್ಟು ಅದನ್ನು ಅನಂತವೆಂದು ಬಗೆದನು. ಮಹಾವೀರನ ಹಿರಿಮೆಯನ್ನೂ ಮಿತಿಯನ್ನೂ ಒಂದೇ ಪುಟದಲ್ಲಿ ಓದಬಹುದಾದ ಈ ಸಂದರ್ಭವನ್ನು ಅಭಿಮಾನದಿಂದಲೋ ತಾತ್ಸಾರದಿಂದಲೋ ಮರೆಮಾಚಬಾರದು.

ಕಾಲ್ಪನಿಕ ಸಂಖ್ಯೆಗಳ ಹಕ್ಕುದಾರಿಕೆಯನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. 1545ರಲ್ಲಿ ಕಾರ್ಡಾನೊ 10ನ್ನು ಗುಣಲಬ್ಧ 40 ಆಗುವಂತೆ ಎರಡು ಭಾಗ ಮಾಡಲು ಹೊರಟು, ಋಣ 15ರ ಮೂಲವನ್ನು ಬರೆದನು. ಅದು ಸೂಕ್ಷ್ಮವಾದರೂ ನಿರುಪಯೋಗಿಯೆಂದು ಭಾವಿಸಿದನು. 1572ರಲ್ಲಿ ಬೊಂಬೆಲ್ಲಿ ಒಂದು ಘನಸಮೀಕರಣವನ್ನು ಬಿಡಿಸುವಾಗ ಋಣ 121ರ ಮೂಲ ಎದುರಾಯಿತು. ಅದಕ್ಕೆ ಗುಣಾಕಾರದ ನಿಯಮಗಳನ್ನು ಕಲ್ಪಿಸಿ ನಡೆದಾಗ ಕೊನೆಯಲ್ಲಿ 4 ಎಂಬ ಸಾಮಾನ್ಯ ಸಂಖ್ಯೆಯೇ ಉತ್ತರವಾಗಿ ಬಂದಿತು. ಕೃಷ್ಣದೈವಜ್ಞನು ಕಾಣೆನೆಂದ 'ಬೇರೆ ಬಗೆಯ ಸಂಖ್ಯೆ' ಅವನಿಗಿಂತ ತುಸು ಮೊದಲೇ ಇನ್ನೊಂದು ನಾಡಿನಲ್ಲಿ ಅಗತ್ಯದ ಒತ್ತಡದಿಂದ ಹುಟ್ಟಿತ್ತು. ಮಹಾವೀರನು ಇದನ್ನು ಕಾಣಲಿಲ್ಲ. ಅವನ ಲೆಕ್ಕಗಳಿಗೆ ಇದು ಬೇಕಾಗಿಯೂ ಇರಲಿಲ್ಲ. ಆದರೆ ಹೊಸ ಸಂಖ್ಯೆಗಳು ಬಂದುದರಿಂದ ಅವನ ಮಾತು ಸುಳ್ಳಾಗಲಿಲ್ಲ. ವಾಸ್ತವ ಸಂಖ್ಯೆಗಳ ನೆಲೆಯಲ್ಲಿ ಋಣವು ಇಂದಿಗೂ ಅವರ್ಗವೇ. ಎಲ್ಲೆ ಸರಿದುದು ಸಂಖ್ಯೆಗಳ ನಾಡೇ ಹಿಗ್ಗಿದುದರಿಂದ. ಹಳೆಯ ನಾಡಿನ ಗಡಿಯನ್ನು ಖಚಿತವಾಗಿ ಗುರುತಿಸಿದವರಿದ್ದಾಗಲೇ ಅದನ್ನು ದಾಟಿದುದರ ಅರ್ಥ ತಿಳಿಯುವುದು.

7

ಈ ಗ್ರಂಥ ನಮ್ಮ ಕೈಸೇರಿದ ಬಗೆಯೂ ಹೊರನಾಡಿನ ಸಂಶೋಧಕರಿಗೆ ಪ್ರಸ್ತುತವಾದುದು. ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದ ಆವೃತ್ತಿ 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. ಆ ಸಂಪಾದನೆಗೆ ಮೂಡುಬಿದಿರೆಯ ಕನ್ನಡ ಲಿಪಿಯ ತಾಳೆಗರಿಯೂ ವಲ್ಲಭನ ಕನ್ನಡ ಟೀಕೆಯುಳ್ಳ ಪ್ರತಿಯೂ ಒದಗಿದ್ದವು. ಎಲ್.ಸಿ. ಜೈನ್ ಅವರ ಹಿಂದಿ ಆವೃತ್ತಿ 1963ರಲ್ಲಿ, ದೌಂಡದಿಂದ ಕಲಬುರಗಿಯ ಹಾದಿಯಲ್ಲಿರುವ ಸೊಲ್ಲಾಪುರದಿಂದಲೇ ಹೊರಬಂದಿತು. ಪದ್ಮಾವತಮ್ಮನವರ ಇಂಗ್ಲಿಷ್ ಮತ್ತು ಕನ್ನಡ ಅನುವಾದಸಹಿತ ಆವೃತ್ತಿಯನ್ನು ಹೊಂಬುಜ ಜೈನ ಮಠ 2000ದಲ್ಲಿ ಪ್ರಕಟಿಸಿತು. ಇದಕ್ಕೆ ಬಹು ಹಿಂದೆ, 11ನೆಯ ಶತಮಾನದಲ್ಲಿಯೇ, ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದಿದ್ದನು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡದಲ್ಲಿಯೇ ನಿರೂಪಿಸಿದನು.

ಕನ್ನಡದಲ್ಲಿ ಗಣಿತದ ಪರಿಭಾಷೆಯನ್ನು ರೂಪಿಸುವವರಿಗೆ ಈ ಪರಂಪರೆಯಿಂದ ದೊರೆಯುವುದು ಕೆಲವು ಹಳೆಯ ಪದಗಳಷ್ಟೇ ಅಲ್ಲ. ಪ್ರಾಂತವನ್ನು ಕಂಡುಹಿಡಿ ಎಂದು ಪ್ರಶ್ನಪತ್ರಿಕೆ ಕೇಳಿದಾಗ ವಿದ್ಯಾರ್ಥಿ ಒಳಗಿನ ರಾಶಿ ಸೊನ್ನೆಗಿಂತ ಕಡಿಮೆಯಲ್ಲವೆಂದು ಯಾಂತ್ರಿಕವಾಗಿ ಬರೆದು ಮುಗಿಸುತ್ತಾನೆ. ಆ ಬರಹದ ಹಿಂದೆ ಮೂರು ಪ್ರಶ್ನೆಗಳಿವೆ: ಈ ರಾಶಿ ಯಾವುದಾದರೂ ಒಂದರ ವರ್ಗವಾಗಬಲ್ಲುದೇ? ವರ್ಗಿಸುವಾಗ ಅಳಿದ ಧನಋಣಭೇದವನ್ನು ಮರಳಿ ನೋಡಿದ್ದೇನೆಯೇ? ಎಣಿಸುತ್ತಿರುವ ವಸ್ತು ಈ ಉತ್ತರವನ್ನು ಒಪ್ಪುತ್ತದೆಯೇ? ಮೊದಲನೆಯದನ್ನು ಮಹಾವೀರನು ಸೂತ್ರೀಕರಿಸಿದನು. ಎರಡನೆಯದನ್ನು ಅವನ ಪಾರಿವಾಳಗಳ ಲೆಕ್ಕ ನಮ್ಮಿಂದ ಕೇಳಿಸುತ್ತದೆ. ಮೂರನೆಯದನ್ನು ಭಾಸ್ಕರನ ಕೋತಿಗಳ ಲೆಕ್ಕ ಮುಂದಿಡುತ್ತದೆ. ಈ ಮೂರನ್ನೂ ಕೇಳಲು ಕಲಿಸಿದರೆ, ಎಲ್ಲೆಯೆಂಬುದು ಮೇಲಿನಿಂದ ಬಂದ ನಿಷೇಧವೆಂಬ ಭಾವನೆ ಹೋಗಿ, ಅದು ವಸ್ತುವಿನ ಸ್ವರೂಪವೇ ಎಂಬ ತಿಳಿವು ಮೂಡುತ್ತದೆ.